ಪುರಾವೆ ಕೇಳುವವರ ಪುರಾವೆ ಎಲ್ಲಿ?

ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರಿಗೆ ಮಾತ್ರೆಯ ಚೀಟಿಯೊಂದೇ ಸಾಲದು. ಮನೆಗೆ ಬಂದು ವಿಚಾರಿಸುವವರು ಬೇಕು, ಹಗಲು ಹೊತ್ತು ಹೋಗಿ ನಾಲ್ಕು ಜನರ ನಡುವೆ ಕೂರಲು ಜಾಗ ಬೇಕು, ಮನೆಯೇ ಇಲ್ಲದವರಿಗೆ ಮನೆ ಬೇಕು, ಕೆಲಸ ಕೊಡಿಸಿ ಆಮೇಲೂ ಬೆನ್ನಿಗೆ ನಿಲ್ಲುವವರು ಬೇಕು. ಇದನ್ನೆಲ್ಲ ತಾಲ್ಲೂಕು ಮಟ್ಟದಲ್ಲಿ ಒದಗಿಸುವ ಹೊಣೆ ಸರ್ಕಾರದ್ದು. ನಮ್ಮ ವಾದ ಇಷ್ಟೇ. ಇದಕ್ಕೆ ಎದುರಾಗಿ ವಿಚಾರ ಸಂಕಿರಣಗಳಲ್ಲಿ, ಬಡಾವಣೆಗಳ ಮನವಿಪತ್ರಗಳಲ್ಲಿ, ಬಜೆಟ್ ಹೊತ್ತಿನ ಮಾತುಕತೆಗಳಲ್ಲಿ ಒಂದಷ್ಟು ಆಕ್ಷೇಪಗಳು ವರ್ಷವರ್ಷವೂ ಹಾಜರಾಗುತ್ತವೆ. ಅವುಗಳನ್ನು ತಿರುಚದೆ, ಆಡಿದವರೇ ಒಪ್ಪುವಂತೆ ಇಟ್ಟು ಉತ್ತರಿಸುತ್ತೇನೆ. ತೀರ್ಪು ಓದುಗರದು. ಒಂದು ಕೋರಿಕೆ ಮಾತ್ರ: ನಮ್ಮಿಂದ ಕೇಳುವ ಪುರಾವೆಯನ್ನು ಇವರು ತಮ್ಮ ದಾರಿಯಿಂದಲೂ ಕೇಳಿದ್ದಾರೆಯೇ ಎಂದು ಪ್ರತಿ ಆಕ್ಷೇಪದ ಕೊನೆಗೆ ಗಮನಿಸಿ.

ಎಲ್ಲಕ್ಕಿಂತ ಹಳೆಯ ಆಕ್ಷೇಪ: ಸ್ಕಿಜೋಫ್ರೇನಿಯಾದಂಥ ಕಾಯಿಲೆ ವಾಸಿಯಾಗುವುದೇ ಇಲ್ಲ, ಅದಕ್ಕೆ ಸುರಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಇದನ್ನು ಪರೀಕ್ಷಿಸಲು ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಹೋಗಬೇಕು. 1950ರ ದಶಕದ ನಡುವೆ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ, ಇವರು ಇನ್ನು ಹೊರಗೆ ಹೋಗುವವರಲ್ಲ ಎಂದು ಕೈಬಿಟ್ಟಿದ್ದ ಹಿಂದಿನ ವಾರ್ಡುಗಳ 269 ಮಂದಿಯನ್ನು ಆರಿಸಿ, ವಸತಿ, ಕೆಲಸ, ಊರಿನೊಳಗಿನ ಆಸರೆ ಎಲ್ಲವನ್ನೂ ಜೋಡಿಸಿ ಹೊರಗೆ ಕಳಿಸಿದರು. ಸರಾಸರಿ 32 ವರ್ಷಗಳ ನಂತರ ಕೋರ್ಟ್ನಿ ಹಾರ್ಡಿಂಗ್ ಮತ್ತು ಸಂಗಡಿಗರು ಅವರನ್ನು ಹುಡುಕಿಕೊಂಡು ಹೋದರು. ಅರ್ಧದಿಂದ ಮೂರನೇ ಎರಡು ಭಾಗದಷ್ಟು ಜನ ಗಣನೀಯವಾಗಿ ಸುಧಾರಿಸಿದ್ದರು ಇಲ್ಲವೇ ಪೂರ್ತಿ ಚೇತರಿಸಿಕೊಂಡಿದ್ದರು. 1987ರಲ್ಲಿ ಇದು ಪ್ರಕಟವಾಯಿತು.

ಕಾಯಿಲೆಯೇ ತಾನಾಗಿ ಇಳಿದಿರಬಹುದಲ್ಲ ಎಂದು ಜಾಣ ಎದುರಾಳಿ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಸಂಶೋಧಕರು ಅಂಥ ಕಾರ್ಯಕ್ರಮ ಇರದಿದ್ದ ಮೇನ್ ರಾಜ್ಯದಲ್ಲಿ ವಯಸ್ಸು, ಲಿಂಗ, ಕಾಯಿಲೆ, ಆಸ್ಪತ್ರೆಯಲ್ಲಿ ಕಳೆದ ಕಾಲ ಇವುಗಳಲ್ಲಿ ಹೊಂದುವವರನ್ನು ಆರಿಸಿ ಹೋಲಿಸಿದರು. ಅಲ್ಲೂ ಕೆಲವರು ಸುಧಾರಿಸಿದ್ದರು. ಆದರೆ ದುಡಿಮೆಯಲ್ಲಿ, ಲಕ್ಷಣಗಳಲ್ಲಿ, ನೆರೆಹೊರೆಯ ಬಾಳಿನಲ್ಲಿ ವರ್ಮಾಂಟಿನವರು ಮುಂದಿದ್ದರು. ಹಾಗಿದ್ದೂ 'ವಾಸಿಯಾಗದು' ಎಂಬ ನಂಬಿಕೆ ಅನುಭವಿ ವೈದ್ಯರಲ್ಲೂ ಯಾಕೆ ಗಟ್ಟಿಯಾಗಿದೆ? ವಾಸಿಯಾದವರು ಮತ್ತೆ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುವುದಿಲ್ಲ. ನಿಲ್ಲುವವರನ್ನು ಮಾತ್ರ ಎಣಿಸಿದರೆ ಲೆಕ್ಕ ಹಾಗೇ ಬರುತ್ತದೆ.

ಎರಡನೆಯದು ಹೆಮ್ಮೆಯ ಉಡುಪು ತೊಟ್ಟು ಬರುತ್ತದೆ: ಇಂಥ ಸೇವೆಗಳು ಕುಟುಂಬ ಒಡೆದ ದೇಶಗಳಿಗೆ, ನಮ್ಮಲ್ಲಿ ಮನೆಯವರೇ ನೋಡಿಕೊಳ್ಳುತ್ತಾರೆ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ನಡೆಸಿದ ಅಧ್ಯಯನವನ್ನು ಸಾಕ್ಷಿಗೆ ತರುತ್ತಾರೆ. ನಮ್ಮ ಆಗ್ರಾ ಅದರಲ್ಲೊಂದು ಕೇಂದ್ರವಾಗಿತ್ತು. ಬಡ ದೇಶಗಳ ರೋಗಿಗಳು ಶ್ರೀಮಂತ ದೇಶದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು ಎಂಬುದು ಅದರ ಹೆಸರಾದ ಫಲಿತಾಂಶ. ಎದುರಾಳಿಗಳು ಅಷ್ಟನ್ನು ಓದಿ ಪುಸ್ತಕ ಮುಚ್ಚುತ್ತಾರೆ. ಮುಚ್ಚದಿದ್ದರೆ ಎರಡು ಸಂಗತಿ ಕಾಣುತ್ತಿತ್ತು. ಅಲ್ಲಿ ಲೆಕ್ಕಕ್ಕೆ ಸಿಕ್ಕವರು ಚಿಕಿತ್ಸಾ ಕೇಂದ್ರದ ಮೆಟ್ಟಿಲು ಹತ್ತಿದವರು. ಹಿತ್ತಲ ಕೋಣೆಯಲ್ಲಿ ಉಳಿದವರಲ್ಲ. ಎರಡನೆಯದಾಗಿ, ಬಡ ದೇಶಗಳಲ್ಲಿ ಫಲಿತಾಂಶ ಒಳ್ಳೆಯದು ಎಂಬ ಆ ಸೂತ್ರವನ್ನೇ ಅಲೆಕ್ಸ್ ಕೊಹೆನ್ ಮತ್ತು ಸಂಗಡಿಗರು 2008ರಲ್ಲಿ ಇತರ ಅಧ್ಯಯನಗಳ ಎದುರಿಟ್ಟು ಪ್ರಶ್ನಿಸಿದ್ದಾರೆ.

ಪುಸ್ತಕ ಬೇಡವೆಂದರೆ ಏರ್ವಾಡಿ ಇದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಆ ದರ್ಗಾ ಊರಿನ ಒಂದು ಖಾಸಗಿ ಆಶ್ರಯದ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದ ಕಾಲುಗಳೊಂದಿಗೆ 28 ಮಂದಿ ಸತ್ತರು. ಅಂಥ ಆಶ್ರಯಗಳಿಗೆ ರೋಗಿಗಳನ್ನು ಕರೆತಂದು ಬಿಡುತ್ತಿದ್ದವರು ಹೆಚ್ಚಾಗಿ ಮನೆಯವರೇ, ಆಸರೆಗೆಂದು ನಾವು ಹೊಗಳುವ ಅದೇ ಕುಟುಂಬದವರು. ಅವರನ್ನು ಕಟುಕರೆಂದು ಕರೆಯುವ ಅಗತ್ಯವಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು, ಎಮ್ಮೆ ಮಾರಿ, ಮಗಳ ಮದುವೆ ಮುಂದೂಡಿ, ಯಾರೂ ನೆರವಿಗೆ ಬಾರದೆ ಸೋತವರು ಅವರು. ಅಲ್ಲದೆ 'ಕುಟುಂಬ' ನೋಡಿಕೊಳ್ಳುತ್ತದೆ ಎನ್ನುವ ಗಂಡಸರು ಒಮ್ಮೆ ಮನೆಯೊಳಗೆ ಇಣುಕಲಿ. ನೋಡಿಕೊಳ್ಳುತ್ತಿರುವುದು ಸಾಮಾನ್ಯವಾಗಿ ಒಬ್ಬಳು: ಅಮ್ಮ, ಇಲ್ಲವೇ ಅಕ್ಕ, ಇಲ್ಲವೇ ಹೆಂಡತಿ. ಅಮ್ಮನಿಗೆ ಎಪ್ಪತ್ತೈದಾದಾಗ ಏನು ಎಂಬುದಕ್ಕೆ ಈ ವಾದದಲ್ಲಿ ಉತ್ತರವೇ ಇಲ್ಲ.

ಇನ್ನೊಂದು ತಮಾಷೆ. ಕುಟುಂಬವೇ ಸಾಕು ಎಂದ ಅದೇ ಬಾಯಿ, ಅದೇ ಸಭೆಯಲ್ಲಿ, ಇನ್ನಷ್ಟು ಮಾನಸಿಕ ಆಸ್ಪತ್ರೆಗಳು, ಇನ್ನಷ್ಟು ಹಾಸಿಗೆಗಳು ಬೇಕು ಎನ್ನುತ್ತದೆ. ಕಾರಣ? ಇಂಥವರನ್ನು ಮನೆಯಲ್ಲಿಟ್ಟುಕೊಳ್ಳಲು ಆಗುವುದಿಲ್ಲವಂತೆ! ಎರಡರಲ್ಲಿ ಯಾವುದು ತಮ್ಮ ನಿಲುವು ಎಂದು ಅವರು ಮೊದಲು ತೀರ್ಮಾನಿಸಲಿ.

ಹಾಸಿಗೆಯ ವಾದವನ್ನೂ ನೋಡಿಬಿಡೋಣ. ಕಾಯಿಲೆ ಉಲ್ಬಣಿಸಿದಾಗ ಹಾಸಿಗೆ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆಸ್ಪತ್ರೆ ಬಿಟ್ಟ ಮೇಲೆ ವರ್ಷಗಟ್ಟಲೆ ಬದುಕುವುದು ಆಸ್ಪತ್ರೆಯ ಹೊರಗೆ. ಲಂಡನ್ನಿನ ಫ್ರಯರ್ನ್ ಮತ್ತು ಕ್ಲೇಬರಿ ಆಸ್ಪತ್ರೆಗಳನ್ನು ಮುಚ್ಚುವಾಗ ದೀರ್ಘಕಾಲದಿಂದ ಒಳಗಿದ್ದ ಸುಮಾರು 670 ಮಂದಿಯನ್ನು ಊರಿನ ಮನೆಗಳಿಗೆ ಸ್ಥಳಾಂತರಿಸಿ, ಜೂಲಿಯನ್ ಲೆಫ್ ಅವರ ತಂಡ ಐದು ವರ್ಷ ಹಿಂಬಾಲಿಸಿತು. ಬೀದಿಪಾಲಾದವರು ಬೆರಳೆಣಿಕೆಯಷ್ಟು. ಹೆಚ್ಚಿನವರಿಗೆ ಮತ್ತೆ ವಾರ್ಡಿಗೆ ಹೋಗುವ ಆಸೆ ಇರಲಿಲ್ಲ. ವರ್ಷಗಟ್ಟಲೆ ವಾರ್ಡಿನಲ್ಲಿಟ್ಟರೆ ಜನ ಚೇತರಿಸಿಕೊಳ್ಳುತ್ತಾರೆ ಎಂಬುದಕ್ಕೆ ಇಂಥದೊಂದು ಅಧ್ಯಯನವನ್ನು ಎದುರಾಳಿಗಳು ಮುಂದಿಡಲಿ, ಓದುತ್ತೇನೆ.

ಆಗ ಥಟ್ಟನೆ ಬರುವುದು ಅಮೆರಿಕ: ಅಲ್ಲಿ ಆಸ್ಪತ್ರೆಗಳ ಬಾಗಿಲು ತೆರೆದರು, ಹುಚ್ಚರೆಲ್ಲ ಬೀದಿಗೆ, ಜೈಲಿಗೆ ಬಿದ್ದರು. ಅರ್ಧ ನಿಜ, ಅರ್ಧ ಮರೆವು. 1963ರಲ್ಲಿ ಕೆನಡಿ ಸಹಿ ಹಾಕಿದ ಕಾನೂನು ದೇಶದ ತುಂಬ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಕಟ್ಟುವ ಮಾತು ಕೊಟ್ಟಿತ್ತು. ಆಸ್ಪತ್ರೆಗಳು ಖಾಲಿಯಾದವು, ಯೋಜಿಸಿದ್ದ ಕೇಂದ್ರಗಳಲ್ಲಿ ಸುಮಾರು ಅರ್ಧ ಮೇಲೇಳಲೇ ಇಲ್ಲ. 1981ರಲ್ಲಿ ರೇಗನ್ ಸರ್ಕಾರ ಕೇಂದ್ರದ ನೇರ ಹಣವನ್ನೂ ಕತ್ತರಿಸಿ ರಾಜ್ಯಗಳ ತಲೆಗೆ ಕಟ್ಟಿತು. ಅಂದರೆ ಅಮೆರಿಕದಲ್ಲಿ ಸೋತದ್ದು ಸಮುದಾಯ ಸೇವೆಯಲ್ಲ, ಅದನ್ನು ಕಟ್ಟದೇ ಇದ್ದದ್ದು. ಈ ಉದಾಹರಣೆ ನಮ್ಮ ಕಡೆಯ ಸಾಕ್ಷಿ. ತಪ್ಪಿ ಅವರ ಪಟ್ಟಿಯಲ್ಲಿ ಸೇರಿದೆ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಇದಕ್ಕೆ ಹೆಚ್ಚು ಜಾಗ ಕೊಡಲೇಬೇಕು. ಇವೆಲ್ಲ ಬಿಳಿಯರ ದೇಶದ ಕತೆ; ಭಾರತದಲ್ಲಿ ಪುರಾವೆ ಎಲ್ಲಿ, ಇದ್ದರೂ ಅದು ಬಲು ಸಪ್ಪೆಯಲ್ಲವೇ ಎನ್ನುತ್ತಾರೆ. ಇಲ್ಲಿ ಎದುರಾಳಿಗಳು ಬೊಟ್ಟು ಮಾಡುವುದು 2014ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಕಾಪ್ಸಿ ಪ್ರಯೋಗವನ್ನು. ತಮಿಳುನಾಡು, ಗೋವಾ, ಮಹಾರಾಷ್ಟ್ರದ ಸಾತಾರಾ ಎಂಬ ಮೂರು ಕಡೆ ಸ್ಕಿಜೋಫ್ರೇನಿಯಾ ಇರುವ 282 ಮಂದಿಯನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿದರು. ಎರಡಕ್ಕೂ ವೈದ್ಯರ ಚಿಕಿತ್ಸೆ ಇತ್ತು. ಒಂದಕ್ಕೆ ಮಾತ್ರ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಹನ್ನೆರಡು ತಿಂಗಳು ಮನೆಗೆ ಹೋಗಿ ಔಷಧಿ, ದಿನಚರಿ, ಮನೆಯವರ ತಾಳ್ಮೆ, ಕೆಲಸ, ಸರ್ಕಾರಿ ಸೌಲಭ್ಯ ಎಲ್ಲದರಲ್ಲೂ ಜೊತೆಯಾದರು. ಫಲಿತಾಂಶವನ್ನು ಪೂರ್ತಿ ಹೇಳುತ್ತೇನೆ, ಅವರು ಅರ್ಧ ಹೇಳುತ್ತಾರಾದ್ದರಿಂದ. ಲಕ್ಷಣಗಳಲ್ಲಿ ವ್ಯತ್ಯಾಸ ಚಿಕ್ಕದು, ಅಂಕಿಅಂಶದ ಕಟ್ಟುನಿಟ್ಟಿನಲ್ಲಿ ನಿಲ್ಲುವಷ್ಟಲ್ಲ. ಅಂಗವೈಕಲ್ಯದ ಅಳತೆಯಲ್ಲಿ ವ್ಯತ್ಯಾಸ ಗಟ್ಟಿಯಾಗಿಯೇ ಬಂತು. ಒಟ್ಟು ಲಾಭದಲ್ಲಿ ತಮಿಳುನಾಡಿನ ಪಾಲು ದೊಡ್ಡದು.

ಸಪ್ಪೆ ಎಂದು ತೀರ್ಪು ಕೊಡುವ ಮುನ್ನ ಎರಡು ಮಾತು. ಮೊದಲನೆಯದು, ಹೋಲಿಸಿದ್ದು ಯಾವುದರ ಜೊತೆ? ಮನೋವೈದ್ಯರೂ ಔಷಧಿಯೂ ನಿಯಮಿತವಾಗಿ ಸಿಗುತ್ತಿದ್ದ ಗುಂಪಿನ ಜೊತೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ ನಿಮ್ಹಾನ್ಸ್ ಪ್ರಕಾರ, ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದೇಶದ ಬಹುಪಾಲು ಜನರಿಗೆ ಕನಸಾಗಿರುವ ಸ್ಥಿತಿಗಿಂತಲೂ ಮನೆ ಭೇಟಿ ಒಂದು ಹೆಜ್ಜೆ ಮುಂದೆ ನಿಂತಿತು ಎಂದರ್ಥ. ಎರಡನೆಯದು, ಅಂಗವೈಕಲ್ಯದ ಆ ಅಳತೆಗೋಲು ಐಡಿಯಾಸ್. ಪ್ರಮಾಣಪತ್ರ ಕೊಡುವಾಗ ನಮ್ಮ ಸರ್ಕಾರವೇ ಬಳಸುವಂಥದು. ಅದು ಕೇಳುವುದು ನಾಲ್ಕು: ತನ್ನ ಮೈ-ಬಟ್ಟೆ ತಾನು ನೋಡಿಕೊಳ್ಳುತ್ತಾನೆಯೇ, ಜನರೊಡನೆ ಹೇಗಿದ್ದಾನೆ, ಮಾತು ತಿಳಿಯುತ್ತದೆಯೇ, ಕೆಲಸ ಮಾಡುತ್ತಾನೆಯೇ. ಕಿವಿಯಲ್ಲಿ ಕೇಳುವ ದನಿ ಪೂರ್ತಿ ನಿಲ್ಲದಿದ್ದರೂ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಡೇರಿಗೆ ಹಾಲು ಹಾಕಿ ಬರುವವನನ್ನು ನೋಡಿ ಅವನ ತಾಯಿ 'ಸಪ್ಪೆ' ಎನ್ನುತ್ತಾಳೆಯೇ ಎಂದು ಅವಳನ್ನೇ ಕೇಳಬೇಕು.

ಇಷ್ಟು ಕಟ್ಟುನಿಟ್ಟಿನ ಇದೇ ಜನ ಮುಂದಿನ ವಾಕ್ಯದಲ್ಲಿ ಹೇಳುವುದನ್ನು ಕೇಳಿ: ನಮ್ಮ ದೇವಸ್ಥಾನ, ದರ್ಗಾಗಳೇ ಸಾಕು, ಅದು ವೈಜ್ಞಾನಿಕವಾಗಿಯೂ ಸಾಬೀತಾಗಿದೆ. ಯಾವ ಸಾಬೀತು? ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟಿಸಿದ ವರದಿ. ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳಿದಿದ್ದ 31 ಮಂದಿಯ ಲಕ್ಷಣಗಳು ಔಷಧಿಯಿಲ್ಲದೆ ನೂರಕ್ಕೆ ಸುಮಾರು ಇಪ್ಪತ್ತರಷ್ಟು ಇಳಿದಿದ್ದವು. ಒಳ್ಳೆಯ, ಪ್ರಾಮಾಣಿಕ ವರದಿ. ಆದರೆ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಸರಾಸರಿ ವಾಸ ಆರು ವಾರ. 282 ಮಂದಿಯ, ಹೋಲಿಕೆ ಗುಂಪಿದ್ದ, ಒಂದು ವರ್ಷದ ಪ್ರಯೋಗ ಸಾಲದು. 31 ಮಂದಿಯ, ಹೋಲಿಕೆಯೇ ಇಲ್ಲದ ಆರು ವಾರ ಸಾಕು! ತಕ್ಕಡಿಯ ಮೇಲೆ ಯಾರ ಬೆರಳಿದೆ ಎಂದು ಓದುಗರು ನೋಡಲಿ. ಇನ್ನೂ ಸ್ವಾರಸ್ಯ, ಆ ವರದಿಯನ್ನು ಕೊನೆಯವರೆಗೆ ಓದಿದರೆ ಸುಧಾರಣೆಯ ಶ್ರೇಯಸ್ಸನ್ನು ಅದು ಕೊಡುವುದು ಅಲ್ಲಿನ ಆಸರೆಯ, ಬೆದರಿಕೆಯಿಲ್ಲದ ವಾತಾವರಣಕ್ಕೆ. ಸರಪಳಿ ಇಲ್ಲ, ಮನೆಯವರು ಜೊತೆಗಿದ್ದಾರೆ, ಸಣ್ಣಪುಟ್ಟ ಕೆಲಸ ಇದೆ. ನಾವು ತಾಲ್ಲೂಕಿಗೊಂದು ಕೇಳುತ್ತಿರುವುದು ಅದನ್ನೇ, ಔಷಧಿಯನ್ನೂ ಸೇರಿಸಿ.

ಮುಂದಿನದು ವೃತ್ತಿಯ ಗತ್ತಿನಿಂದ ಬರುವ ಆಕ್ಷೇಪ: ಎಸ್ಸೆಸ್ಸೆಲ್ಸಿ ಓದಿದ ಆಶಾ ಕಾರ್ಯಕರ್ತೆ ಮಾನಸಿಕ ರೋಗಕ್ಕೆ ಚಿಕಿತ್ಸೆ ಕೊಡುವುದೇ? ಕೊಡಬೇಕೆಂದು ಕೇಳಿದವರು ಯಾರು? ರೋಗ ಗುರುತಿಸಿ ಔಷಧಿ ಬರೆಯುವುದು ವೈದ್ಯರ ಕೆಲಸವಾಗಿಯೇ ಉಳಿಯುತ್ತದೆ. ಉಳಿದ ಕೆಲಸವನ್ನು ತಜ್ಞರಲ್ಲದವರು ಮಾಡಬಲ್ಲರೇ ಎಂಬುದಕ್ಕೆ ಖಿನ್ನತೆಯ ವಿಷಯದಲ್ಲಿ ಗೋವಾ ಉತ್ತರಿಸಿದೆ. ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯರಿಂದ ಸಲಹೆ ಪಡೆದವರಲ್ಲಿ ನೂರಕ್ಕೆ 64 ಮಂದಿ ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದಿದ್ದರು. ಸಲಹೆಯಿಲ್ಲದ ಗುಂಪಿನಲ್ಲಿ 39. ಆಶಾ ಕಾರ್ಯಕರ್ತೆಯರ ಬಗ್ಗೆ ಎತ್ತಬಹುದಾದ ನಿಜವಾದ ಆಕ್ಷೇಪ ಬೇರೆ ಇದೆ: ಹೆರಿಗೆ, ಲಸಿಕೆ, ಸಮೀಕ್ಷೆ ಎಲ್ಲವನ್ನೂ ಅವರ ತಲೆಗೆ ಹೊರಿಸಿ, ಈಗ ಇದನ್ನೂ ಪುಕ್ಕಟೆಯಾಗಿ ಸೇರಿಸುತ್ತೀರಾ? ಗೌರವಧನಕ್ಕಾಗಿ ಅವರು ಫ್ರೀಡಂ ಪಾರ್ಕಿನಲ್ಲಿ ಕೂತಾಗ, ಅವರ ಯೋಗ್ಯತೆಯ ಬಗ್ಗೆ ಇಷ್ಟು ಚಿಂತಿತರಾದವರು ಅತ್ತ ಸುಳಿದದ್ದು ಕಾಣೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಇದಕ್ಕೆಂದೇ ಸಂಬಳದ ಕಾರ್ಯಕರ್ತರು ಬೇಕು.

ಸಂಬಳ ಎಂದೊಡನೆ ಖರ್ಚಿನ ಮಾತು: ಬಡ ರಾಜ್ಯಕ್ಕೆ ಇದು ದುಬಾರಿ. ಕರ್ನಾಟಕದ ಹಳ್ಳಿಗಳಲ್ಲೇ ಲೆಕ್ಕ ಹಾಕಿದ್ದಾರೆ. ಚಿಕಿತ್ಸೆಯನ್ನೇ ಕಾಣದ ಅಥವಾ ಬಿಟ್ಟಿದ್ದ ಸ್ಕಿಜೋಫ್ರೇನಿಯಾದ 100 ಮಂದಿಗೆ ಊರಲ್ಲೇ ಸೇವೆ ಕೊಟ್ಟು, ಒಂದೂವರೆ ವರ್ಷ ಹಿಂಬಾಲಿಸಿ, ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಲಕ್ಷಣ, ಅಂಗವೈಕಲ್ಯ, ಮನೆಯವರ ಹೊರೆ ಮೂರೂ ಇಳಿದವು. ಸೇವೆಯ ಖರ್ಚು ಏರಿತು, ನಿಜ. ಆದರೆ ಮನೆಯವರು ಕಾವಲಿಗೆ ಕೂರುತ್ತಿದ್ದ ಹೊತ್ತಿನ ಬೆಲೆಯೂ, ಮಂತ್ರವಾದಿಗಳಂಥವರ ಬಳಿ ಅಲೆಯುತ್ತಿದ್ದ ಖರ್ಚೂ ತಗ್ಗಿದವು. ಹಾಗಾಗಿ 'ದುಬಾರಿ' ಎಂಬ ಮಾತನ್ನು ಬಿಡಿಸಿ ಹೇಳಿದರೆ ಇಷ್ಟು: ಈಗ ರೋಗಿಯ ತಂಗಿ ಕೂಲಿ ಬಿಟ್ಟು ತೆರುತ್ತಿರುವ ಹಣವನ್ನು ಸರ್ಕಾರ ತೆರಬೇಕಾಗುತ್ತದೆ. ಆಕೆಯ ನಷ್ಟ ಯಾವ ಬಜೆಟ್ ಪುಸ್ತಕದಲ್ಲೂ ಇಲ್ಲ, ಹಾಗಾಗಿ ಅದು ಅಗ್ಗವಾಗಿ ಕಾಣುತ್ತದೆ.

ಇವರು ಕೆಲಸಕ್ಕೆ ಲಾಯಕ್ಕಿಲ್ಲ, ಮೊದಲು ತರಬೇತಿ, ಆಮೇಲೆ ಉದ್ಯೋಗ ಎಂಬುದು ಇನ್ನೊಂದು. ಯುರೋಪಿನ ಆರು ನಗರಗಳಲ್ಲಿ 312 ಮಂದಿಯ ಮೇಲೆ ಇದನ್ನು ಒರೆಗೆ ಹಚ್ಚಿದರು, 2007ರಲ್ಲಿ ಪ್ರಕಟವಾಯಿತು. ಮೊದಲೇ ನಿಜವಾದ ಕೆಲಸಕ್ಕೆ ಸೇರಿಸಿ ಅಲ್ಲಿ ಬೆಂಬಲ ಕೊಟ್ಟ ಗುಂಪಿನಲ್ಲಿ ನೂರಕ್ಕೆ 55 ಮಂದಿ ಒಂದು ದಿನವಾದರೂ ಕೆಲಸ ಮಾಡಿದರು. ತರಬೇತಿಯ ಹಳೆಯ ದಾರಿಯಲ್ಲಿ 28. 'ಒಂದು ದಿನವೇ' ಎಂದು ನಗುವವರು ಅಳತೆಗೋಲು ಎರಡೂ ಗುಂಪಿಗೆ ಒಂದೇ ಎಂಬುದನ್ನು ಗಮನಿಸಲಿ. ಕ್ಯಾಂಡಲ್, ಫೈಲು, ಕಾಗದದ ಚೀಲ ಮಾಡಿಸುತ್ತ ವರ್ಷಗಟ್ಟಲೆ ಕೂರಿಸುವುದಕ್ಕೆ ಪುನರ್ವಸತಿ ಎಂದು ಹೆಸರಿಟ್ಟಿರುವ ನಮ್ಮ ಕೆಲವು ಕೇಂದ್ರಗಳೂ ಇದನ್ನು ಓದಬಹುದು.

ಅಪಾಯದ ವಾದ ಬಡಾವಣೆಗಳದ್ದು: ಹಾಫ್‌ವೇ ಹೋಮ್ ಒಳ್ಳೆಯದೇ, ಆದರೆ ನಮ್ಮ ರಸ್ತೆಯಲ್ಲಿ ಬೇಡ, ಮಕ್ಕಳಿದ್ದಾರೆ. ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ಇದರಲ್ಲಿ ವಾದ ಕಡಿಮೆ. ಆಸ್ಪತ್ರೆಯಿಂದ ಬಂದವರನ್ನು ಅವರ ನೆರೆಯವರ ಜೊತೆಗೇ ಹೋಲಿಸಿದ ಮ್ಯಾಕ್‌ಆರ್ಥರ್ ಅಧ್ಯಯನ 1998ರಲ್ಲಿ ಕಂಡದ್ದು, ಕುಡಿತ ಮತ್ತು ಮಾದಕ ವಸ್ತುವಿನ ಚಟವಿಲ್ಲದಿದ್ದರೆ ಹಿಂಸೆಯಲ್ಲಿ ಇಬ್ಬರಿಗೂ ಗಮನಾರ್ಹ ವ್ಯತ್ಯಾಸವಿಲ್ಲ ಎಂದು. ಕುಡಿದವರ ಬಗ್ಗೆ ಅಷ್ಟು ಭಯವಿದ್ದರೆ ಅದೇ ರಸ್ತೆಯ ಬಾರಿನ ವಿರುದ್ಧ ಸಂಘದ ಮನವಿ ಯಾಕಿಲ್ಲ? ಚೆನ್ನೈನ ಬ್ಯಾನಿಯನ್ ಸಂಸ್ಥೆ 'ಹೋಮ್ ಅಗೇನ್' ಹೆಸರಿನಲ್ಲಿ, ಆಸ್ಪತ್ರೆಯಲ್ಲೇ ವರ್ಷಗಳನ್ನು ಕಳೆದ ಮಹಿಳೆಯರನ್ನು ನಾಲ್ಕೈದು ಮಂದಿಯಂತೆ ಸಾಮಾನ್ಯ ಬೀದಿಗಳ ಬಾಡಿಗೆ ಮನೆಗಳಲ್ಲಿ ಇರಿಸುತ್ತ ಬಂದಿದೆ. ಬೆಂಗಳೂರಿನ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸಂಸ್ಥೆಗಳ ಮನೆಗಳೂ ದಶಕಗಳಿಂದ ಊರಿನ ನಡುವೆಯೇ ಇವೆ.

ಕೊನೆಯದು, ನುಣುಚಿಕೊಳ್ಳುವವರಿಗೆ ಅಚ್ಚುಮೆಚ್ಚು: ಇದೆಲ್ಲ ಈಗಾಗಲೇ ಇದೆಯಲ್ಲ! ಬಳ್ಳಾರಿಯಲ್ಲಿ 1985ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಸಿದ್ಧವಾಗಿ, 1996ರಿಂದ ದೇಶಕ್ಕೆ ಹಬ್ಬತೊಡಗಿತು. ರಾಜ್ಯದಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕುಗಳಿವೆ, ಮಾನಸಧಾರ ಹಗಲು ಕೇಂದ್ರಗಳಿವೆ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಇದೆ. ಇವೆಲ್ಲ ಇವೆ, ಇರಲಿ. ನಾವು ಕೇಳುತ್ತಿರುವುದು ಈ ತಳಹದಿಯ ಮೇಲಿನ ಕಟ್ಟಡವನ್ನೇ. ಸೇವೆ ಬೇಕಿಲ್ಲ, ಉಪಯೋಗವಿಲ್ಲ, ದುಬಾರಿ ಎಂದು ಇಷ್ಟು ಹೊತ್ತು ವಾದಿಸಿದವರು ಈಗ 'ಆಗಲೇ ಕೊಟ್ಟಿದ್ದೇವೆ' ಎನ್ನುವುದನ್ನು ಮಾತ್ರ ದಾಖಲಿಸಿಕೊಳ್ಳಬೇಕು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಮು, ಕುಟುಂಬ ಒಪ್ಪಲಿಲ್ಲ, ಮನೆಯಿಲ್ಲ, ಊರಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತದೆ. ಹಾಫ್‌ವೇ ಹೋಮ್, ಗುಂಪು ಮನೆಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ. ಜಿಲ್ಲಾ ಕಾರ್ಯಕ್ರಮದ ತಂಡವಾದರೋ ಜಿಲ್ಲೆಗೊಂದು. ಬೆಳಗಾವಿಯಂಥ, ಹತ್ತಕ್ಕೂ ಹೆಚ್ಚು ತಾಲ್ಲೂಕುಗಳ ಜಿಲ್ಲೆಗೂ ಒಂದೇ. ಎಲ್ಲ ಇದೆ ಎನ್ನುವವರಿಗೆ ಒಂದೇ ಪ್ರಶ್ನೆ: ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರಬೇಕಿದ್ದು ಬಾರದವನ ಮನೆಗೆ ಬುಧವಾರ ಹೋಗುವವರು ಯಾರು? ಹೆಸರು ಬೇಡ, ಹುದ್ದೆಯನ್ನಾದರೂ ಹೇಳಿ.